ಶುಕ್ರವಾರದ ಹೆಂಗಸರು

ಫೆಬ್ರವರಿ 3, ಸೋಮವಾರ

ಈ ಪುಸ್ತಕ ಬೈಯುವುದಕ್ಕೆಂದೇ ತಂದದ್ದು. ಆಸ್ಪತ್ರೆಯಲ್ಲಿ ನನ್ನ ಕೆಲಸಕ್ಕೆ ಆಪ್ತ ಸಲಹೆಗಾರ್ತಿ ಎಂದು ಹೆಸರು. ಆಪ್ತ ಸಲಹೆಗಾರ್ತಿ ಯಾರನ್ನೂ ಬೈಯಬಾರದಂತೆ. ತರಬೇತಿಯ ಮೊದಲ ದಿನವೇ ಹೇಳಿಬಿಟ್ಟರು. ಇಪ್ಪತ್ತೆರಡು ವರ್ಷ ಬಣ್ಣದ ಕಾರ್ಖಾನೆಯಲ್ಲಿ ಕುದಿಯುವ ತೊಟ್ಟಿಗಳ ನಡುವೆ ಕೂಗಿಯೇ ಬಾಳಿದವಳು ನಾನು. ಇಲ್ಲಿ ಮೆಲ್ಲಗೆ ಮಾತಾಡಿ ಮಾತಾಡಿ ಹೊಟ್ಟೆಯಲ್ಲಿ ಬೈಗುಳ ಗಡ್ಡೆ ಕಟ್ಟಿದೆ. ಎಲ್ಲಾದರೂ ಸುರಿಯಬೇಕು.

ಕೆಲಸ ಇಷ್ಟೇ. ಎಚ್‌ಐವಿ ಇರುವ ಹೆಂಗಸರು ತಿಂಗಳ ಮಾತ್ರೆಗೆ ಬಂದು ಕಿಟಕಿಯ ಮುಂದಿನ ಬೆಂಚಿನ ಮೇಲೆ ಕೂರುತ್ತಾರೆ. ನಾನು ಪಕ್ಕದಲ್ಲಿ ಕೂತು ಮನೆ, ಮಕ್ಕಳು, ಮೊಣಕಾಲು ನೋವು ಎಲ್ಲ ವಿಚಾರಿಸಿ ಕೊನೆಗೆ ಹೇಳುತ್ತೇನೆ: ನಮ್ಮಂಥವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುವ ಸಂಭವ ಬೇರೆಯವರಿಗಿಂತ ಆರು ಪಟ್ಟು ಹೆಚ್ಚು, ಒಳಗಿನ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಾರೆ, ಹತ್ತೇ ನಿಮಿಷ, ಬಾ. 'ನಮ್ಮಂಥವರು' ಎಂದಾಗ ತಿರುಗಿ ನನ್ನ ಮುಖ ನೋಡುತ್ತಾರೆ. ಹದಿನಾಲ್ಕು ವರ್ಷದಿಂದ ನಾನೂ ಅದೇ ಕಿಟಕಿಯ ಮಾತ್ರೆ ನುಂಗುವವಳು. ಗಂಡ ಬಿಟ್ಟುಹೋದ ಆಸ್ತಿ ಅದೊಂದೇ.

ಈ ಪರೀಕ್ಷೆ ನಡೆಸುತ್ತಿರುವ ಅಧ್ಯಯನ ನಮ್ಮದಲ್ಲ, ದೂರದ ದೇಶದವರದು. 'ಬಡ ದೇಶಗಳಲ್ಲಿ ಸಂಶೋಧನಾ ಸಾಮರ್ಥ್ಯ ಬೆಳೆಸುವ ಯೋಜನೆ' ಎಂದು ಬಾಗಿಲ ಮೇಲೆ ಬೋರ್ಡು. ಇಲ್ಲಿಯವರೆಗೆ ಬೆಳೆದದ್ದು ಆ ಬೋರ್ಡೊಂದೇ. ಮೊದಲು ಕಾಗದದ್ದಿತ್ತು, ಈಗ ಒಳಗೆ ದೀಪ ಹಾಕಿದ್ದಾರೆ.

ಸೆಪ್ಟೆಂಬರಿನಿಂದ ನಾನು ಕರೆತಂದ ಹೆಂಗಸರು ಮುನ್ನೂರರ ಹತ್ತಿರ. ಕಂಪ್ಯೂಟರಿನಲ್ಲಿ ಅವರಿಗೆ ನಂಬರು. ನನ್ನ ನೋಟ್‌ಬುಕ್ಕಿನಲ್ಲಿ ಅಡ್ಡಹೆಸರು: ನಗುವವಳು, ಛತ್ರಿಯವಳು, ಅವಳಿ ಮಕ್ಕಳವಳು. ಸೋಮವಾರಕ್ಕೊಂದು ಪುಟ, ಮಂಗಳವಾರಕ್ಕೊಂದು ಪುಟ, ಹೀಗೆ ಐದು. ರೋಗದ ಗುರುತು ಕಂಡವರ ಮುಂದೆ ಒಂದು ಗೆರೆ. ಬಣ್ಣದ ಕಾರ್ಖಾನೆಯಲ್ಲಿ ಅಂಟಿದ ಚಾಳಿ ಇದು. ಯಾವ ದಿನದ ತೊಟ್ಟಿಯಲ್ಲಿ ಯಾವ ಬಟ್ಟೆ ಅದ್ದಿದೆ ಎಂದು ಬರೆದಿಡದಿದ್ದರೆ ಬಣ್ಣ ಕೆಟ್ಟಾಗ ಯಾರ ಜುಟ್ಟು ಹಿಡಿಯುವುದು?

ಫೆಬ್ರವರಿ 7, ಶುಕ್ರವಾರ

ಕಾರ್ಖಾನೆಗಳಿಗೆ ಶುಕ್ರವಾರ ವಾರದ ರಜೆ. ಹೊಲಿಗೆ ಕಾರ್ಖಾನೆಯ ಹೆಂಗಸರು ಬರುವುದು ಇವತ್ತೊಂದೇ ದಿನ. ಸೆಪ್ಟೆಂಬರಿನ ಮೊದಲ ವಾರ ಒಬ್ಬಳೂ ಬೆಂಚಿನಿಂದ ಎದ್ದಿರಲಿಲ್ಲ. "ನೀನು ಮಲಗಿದ್ದೀಯೇನಕ್ಕಾ ಆ ಮೇಜಿನ ಮೇಲೆ?" ಎಂದು ಕೇಳಿದ್ದರು. ಅವರ ಕಣ್ಣೆದುರೇ ಒಳಗೆ ಹೋಗಿ, ಮಲಗಿ, ಎದ್ದು, ನಗುತ್ತ ಬಂದಿದ್ದೆ. ಒಂಬತ್ತು ಜನ ಸಾಲುಗಟ್ಟಿದರು. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎನ್ನುವುದು ಸುಮ್ಮನೆ ಅಲ್ಲ.

ಇವತ್ತು ಸೂಟ್‌ಕೇಸ್ ಮೇಡಂ ಬಂದಿದ್ದರು. ಅಧ್ಯಯನದ ಒಡತಿ. ಆರು ತಿಂಗಳಿಗೊಮ್ಮೆ ವಿಮಾನದಿಂದ ಇಳಿದು, ಚಕ್ರದ ಸೂಟ್‌ಕೇಸ್ ಗಡಗಡ ಎಳೆದುಕೊಂಡು ನೇರ ಪರೀಕ್ಷೆಯ ಕೋಣೆಗೇ ಬರುತ್ತಾರೆ. ಕೈಯಲ್ಲಿ ನಲವತ್ತು ಪ್ರಶ್ನೆಗಳ ಪಟ್ಟಿ. ಪರದೆ ಇದೆಯೇ? ಕೈ ತೊಳೆಯಲು ನೀರಿದೆಯೇ? ಬಾಟಲಿ ತುಂಬಿದೆಯೇ?

ಬಾಟಲಿ ಎಂದರೆ ಹುಳಿನೀರಿನದು. ಗಾಢ ಅಸಿಟಿಕ್ ಆಮ್ಲವನ್ನು ತೆಳು ಮಾಡಿ ಇಟ್ಟಿರುತ್ತಾರೆ. ಅದನ್ನು ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚಿ ಒಂದು ನಿಮಿಷ ಕಾಯುವುದು. ಕೆಟ್ಟ ಜಾಗವಿದ್ದರೆ ಬೆಳ್ಳಗಾಗುತ್ತದೆ. ಆಗಲೇ ಸುಟ್ಟುಬಿಟ್ಟರೆ ಮುಂದೆ ಕ್ಯಾನ್ಸರ್ ಆಗುವುದಿಲ್ಲ. ಅಷ್ಟು ಸಲೀಸು.

ಪರೀಕ್ಷೆ ಮಾಡುವ ದೊಡ್ಡ ಸಿಸ್ಟರ್ ಕತ್ತಿನವರೆಗೆ ತುಂಬಿದ್ದ ಬಾಟಲಿಯನ್ನು ಹೆಮ್ಮೆಯಿಂದ ಎತ್ತಿ ತೋರಿಸಿದರು. ಮೇಡಂ ಫೋಟೊ ತೆಗೆದರು. ನಲವತ್ತಕ್ಕೆ ನಲವತ್ತು ಸರಿ ಗುರುತು. ಹೋಗುವಾಗ ನನ್ನ ಕೈ ಹಿಡಿದು ಏನೋ ಹೇಳಿದರು. "ನೀವೇ ಈ ಯೋಜನೆಯ ಜೀವಾಳ ಅಂತಿದಾರೆ" ಎಂದು ಇಲ್ಲಿ ಅಧ್ಯಯನ ನೋಡಿಕೊಳ್ಳುವ ಡಾಕ್ಟರು ಅನುವಾದಿಸಿದರು. ಜೀವಾಳಕ್ಕೆ ಕೂರಲು ಒಂದು ಕುರ್ಚಿ ಕೇಳಿ ನಾಲ್ಕು ತಿಂಗಳಾಯಿತು.

ಫೆಬ್ರವರಿ 14, ಶುಕ್ರವಾರ

ನನ್ನ ಜೊತೆ ಮನೆಯಲ್ಲಿರುವುದು ನಾದಿನಿ. ಗಂಡನ ತಂಗಿ. ಅವಳ ಗಂಡನೂ ಅವಳಿಗೆ ನಮ್ಮದೇ ಕಾಯಿಲೆ ಕೊಟ್ಟು ಓಡಿಹೋದ. ಹೊಲಿಗೆ ಕಾರ್ಖಾನೆಯಲ್ಲಿ ದಿನಕ್ಕೆ ಒಂಬೈನೂರು ಗುಂಡಿ ಹಚ್ಚುತ್ತಾಳೆ.

ಬೆಳಿಗ್ಗೆ ಬಚ್ಚಲಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. "ಅತ್ತಿಗೆ, ಮುಟ್ಟಾಗಿ ಹತ್ತು ದಿನ ಆಗಿಲ್ಲ, ಮತ್ತೆ ಕಾಣಿಸ್ಕೊಂಡಿದೆ. ಹೋದ ತಿಂಗಳೂ ಹೀಗೇ."

"ನಲವತ್ತಮೂರು ಆಯ್ತಲ್ಲೇ. ನಿಲ್ಲೋ ಕಾಲ. ಹೋಗೋ ನೆಂಟ ನಾಲ್ಕು ಸಲ ಹೊಸ್ತಿಲು ದಾಟ್ತಾನೆ."

"ಪರೀಕ್ಷೆಗೆ ಮತ್ತೆ ಬರಲಾ?"

"ಅಕ್ಟೋಬರಿನಲ್ಲಿ ನಾನೇ ಕರ್ಕೊಂಡು ಹೋಗಿದ್ದೆ. ಏನೂ ಇಲ್ಲ ಅಂತ ಬಂದಿದೆ. ಸುಮ್ಮನೆ ಭಯ ಬೀಳ್ಬೇಡ."

ಅವಳು ತಲೆಯಾಡಿಸಿದಳು. ನನ್ನ ಮಾತನ್ನು ಊರೇ ನಂಬುತ್ತದೆ. ಅವಳು ನಂಬದಿರುತ್ತಾಳೆಯೇ?

ಫೆಬ್ರವರಿ 18, ಮಂಗಳವಾರ

ಡಾಕ್ಟರು ನಮ್ಮನ್ನೆಲ್ಲ ಕೂರಿಸಿ ಗೋಡೆಯ ಮೇಲೆ ಬೆಳಕಿನ ಚಿತ್ರ ಹಾಕಿದರು. ಅವರದೊಂದು ಪ್ರಬಂಧ ವಿದೇಶದ ಸಭೆಗೆ ಹೋಗಿದೆಯಂತೆ. ಮುಖ್ಯ ವಿಷಯ: ಎಚ್‌ಐವಿ ಇರುವವರಲ್ಲೂ ಕಾರ್ಖಾನೆಯ ಹೆಂಗಸರಲ್ಲಿ ಈ ರೋಗ ಇಲ್ಲವೇ ಇಲ್ಲ. ಕಾರಣ? 'ದೈಹಿಕ ಚಟುವಟಿಕೆ ಇರಬಹುದು.'

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ! ಹತ್ತು ಗಂಟೆ ಬಾಗಿ ಹೊಲಿಯುವುದು, ಬಚ್ಚಲಿಗೆ ಹೋಗಲು ಮೇಸ್ತ್ರಿಯ ಚೀಟಿಗೆ ಕಾಯುವುದು, ಇದು ಔಷಧಿಯಾಯಿತೇ? ಹಾಗಾದರೆ ಡಾಕ್ಟರ ಹೆಂಡತಿಯನ್ನೂ ಗುಂಡಿ ಹಚ್ಚಲು ಕಳಿಸಲಿ. ನಾಲಿಗೆ ತುದಿಗೆ ಬಂದಿತ್ತು. ಆಪ್ತ ಸಲಹೆಗಾರ್ತಿ ನುಂಗಿದಳು.

ಫೆಬ್ರವರಿ 19, ಬುಧವಾರ

ಮಧ್ಯಾಹ್ನ ಬೆಂಚು ಖಾಲಿ ಇತ್ತು. ನೋಟ್‌ಬುಕ್ ತೆಗೆದು ಕೂಡಿಸಿದೆ.

ಸೋಮವಾರ ಅರವತ್ತೆಂಟು ಹೆಂಗಸರು, ಹನ್ನೆರಡು ಗೆರೆ. ಮಂಗಳವಾರ ಅರವತ್ನಾಲ್ಕು, ಒಂಬತ್ತು ಗೆರೆ. ಬುಧವಾರ ಅರವತ್ತೆರಡು, ಐದು. ಗುರುವಾರ ಐವತ್ತೆಂಟು, ಎರಡು. ಶುಕ್ರವಾರ ಅರವತ್ಮೂರು. ಒಂದೂ ಇಲ್ಲ.

ಮೂರು ಸಲ ಕೂಡಿಸಿದೆ. ಕಾರ್ಖಾನೆಯವರು ಶುಕ್ರವಾರ ಮಾತ್ರ ಬರುತ್ತಾರೆ, ಸರಿ. ಆದರೆ ಬುಧವಾರ, ಗುರುವಾರ ಬರುವವರು ಮನೆಗೆಲಸದವರು, ತರಕಾರಿಯವರು. ಸೋಮವಾರ ಬರುವವರೂ ಅವರೇ. ಅವರ ಗೆರೆಗಳು ಯಾಕೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತವೆ? ರೋಗಕ್ಕೆ ವಾರದ ಪಂಚಾಂಗ ಗೊತ್ತೇ?

ಬಣ್ಣದ ಕಾರ್ಖಾನೆಯಲ್ಲಿ ಹೀಗಾಗಿದ್ದರೆ ಮೇಸ್ತ್ರಿ ಬಟ್ಟೆಯನ್ನು ಬೈಯುತ್ತಿರಲಿಲ್ಲ. ತೊಟ್ಟಿಯೊಳಗೆ ಬೆರಳು ಅದ್ದುತ್ತಿದ್ದ.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ಸಿಸ್ಟರ್ ಬರುವ ಮೊದಲೇ ಒಳಗೆ ಹೋಗಿ ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ರೇಷ್ಮೆಗೆ ಬಣ್ಣ ಕೂರಲು ಇದೇ ಆಮ್ಲ ಹಾಕುತ್ತಿದ್ದೆವು. ಮೂಗಿಗೆ ಚುರ್ ಎನ್ನಬೇಕು, ಕಣ್ಣಲ್ಲಿ ನೀರು ಬರಬೇಕು. ಇದು ತೊಳೆದ ಪಾತ್ರೆಯ ವಾಸನೆ.

ಚಿಕ್ಕ ಲೋಟಕ್ಕೆ ಸ್ವಲ್ಪ ಬಗ್ಗಿಸಿಕೊಂಡು ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿದೆ. ಆಮ್ಲ ಇರುವವರೆಗೆ ನೊರೆ ಏಳುತ್ತದೆ. ಮುಗಿದ ಮೇಲೆ ಸೋಡಾ ತಳಕ್ಕೆ ಕೂರುತ್ತದೆ. ಮೂರನೆಯ ಚಿಟಿಕೆಗೆ ನೊರೆ ನಿಂತಿತು. ಇನ್ನಷ್ಟು ಹುಳಿನೀರನ್ನು ಒಂದು ಶೀಶೆಗೆ ಸುರಿದು, ಮುಚ್ಚಿ, ಚೀಲದಲ್ಲಿಟ್ಟುಕೊಂಡೆ.

ಹೊರಗೆ ಎಂಟು ಜನ ಕಾಯುತ್ತಿದ್ದರು. ಇವತ್ತು ಮೇಜಿನ ದೀಪ ಕೆಟ್ಟಿದೆ ಎಂದು ವಾಪಸ್ ಕಳಿಸಿದೆ. "ರಜೆ ಹಾಳಾಯ್ತಲ್ಲಕ್ಕಾ!" ಎಂದು ಗೊಣಗುತ್ತ ಹೋದರು. ಇಷ್ಟು ವರ್ಷದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇದೊಂದಕ್ಕೆ ಬೆಲೆ ಇದೆ.

ಫೆಬ್ರವರಿ 24, ಸೋಮವಾರ

ಸಿಸ್ಟರ್ ಹೊಸದಾಗಿ ಬೆರೆಸಿದ ಹುಳಿನೀರು. ಅದೇ ಲೋಟ, ಅಷ್ಟೇ ಅಳತೆ. ಒಂಬತ್ತು ಚಿಟಿಕೆಯವರೆಗೆ ನೊರೆ.

"ಸಿಸ್ಟರ್, ಈ ಬಾಟಲಿ ಸೋಮವಾರ ತುಂಬ್ತೀರಿ. ಶುಕ್ರವಾರವೂ ತುಂಬಿರುತ್ತೆ. ದಿನಾ ಹಚ್ಚಿ ಖರ್ಚಾದದ್ದು ಯಾವ ಬಾವಿಯಿಂದ ಬರುತ್ತೆ?"

ಅವರಿಗೆ ನಿವೃತ್ತಿಗೆ ಎಂಟು ತಿಂಗಳು ಬಾಕಿ. ಒಂದು ದಿನವೂ ತಡವಾಗಿ ಬಂದವರಲ್ಲ. "ಏನು ಬಣ್ಣದಕ್ಕಾ, ಪೊಲೀಸಿನ ಹಾಗೆ ಕೇಳ್ತೀರಿ? ಔಷಧಿ ಕೋಣೆಯವರು ವಾರಕ್ಕೆ ಒಂದೇ ಶೀಶೆ ಆಮ್ಲ ಕೊಡೋದು. ಮೇಡಂಗೆ ದಿನಾ ಸಂಜೆ ತುಂಬಿದ ಬಾಟಲಿಯ ಫೋಟೊ ಕಳಿಸ್ಬೇಕು. ಕಡಿಮೆ ಇದ್ರೆ ಕೆಂಪು ಗುರುತು ಹಾಕ್ತಾರೆ. ಅದಕ್ಕೇ ಕಡಿಮೆ ಆದಷ್ಟು ನೀರು ಹಾಕಿಡ್ತೀನಿ. ಕುದಿಸಿ ಆರಿಸಿದ ನೀರು ಕಣ್ರೀ! ನಲ್ಲಿ ನೀರಲ್ಲ."

ನಾನು ನೋಟ್‌ಬುಕ್ಕಿನ ಐದು ಪುಟ ತೋರಿಸಿದೆ. ಅವರು ಕನ್ನಡಕ ಒರೆಸಿ ಮತ್ತೆ ನೋಡಿದರು. ಶುಕ್ರವಾರದ ಪುಟದ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ಕೂತುಬಿಟ್ಟರು. ಬೈಯಲು ಸಿದ್ಧಳಾಗಿ ಹೋಗಿದ್ದೆ. ಆ ಕೈ ನೋಡಿ ಆಗಲಿಲ್ಲ.

ಫೆಬ್ರವರಿ 25, ಮಂಗಳವಾರ

ಡಾಕ್ಟರ ಹತ್ತಿರ ಹೋದೆ.

"ನೋಡಿಮ್ಮಾ, ನಿಮ್ಮ ನೋಟ್‌ಬುಕ್ಕು ಡೇಟಾ ಅಲ್ಲ. ನಿಜ ಹೇಳ್ಬೇಕು ಅಂದ್ರೆ ರೋಗಿಗಳ ಬಗ್ಗೆ ಹೀಗೆ ಬರೆದಿಟ್ಟುಕೊಳ್ಳೋದೇ ತಪ್ಪು. ನಾನು ಅದನ್ನ ಕಿತ್ಕೋಬೇಕು."

"ಕಿತ್ಕೊಳ್ಳಿ ಸಾರ್. ಇದರಲ್ಲಿ ಯಾರ ಹೆಸರೂ ಇಲ್ಲ, ಛತ್ರಿಯವಳನ್ನ ಹುಡುಕಿ ನೋಡೋಣ. ನಿಮ್ಮ ಕಂಪ್ಯೂಟರಿನಲ್ಲಿ ವಾರ ಇದೆಯಾ?"

ತಾರೀಕು ಇದೆಯಂತೆ. ವಾರ ಇಲ್ಲ. ಯಾರೂ ಕೇಳಿಲ್ಲ.

ಎರಡು ಲೋಟ ಅವರ ಮೇಜಿನ ಮೇಲೆ ಇಟ್ಟೆ. ಶುಕ್ರವಾರದ್ದು, ಸೋಮವಾರದ್ದು. ಸೋಡಾ ಹಾಕಿದೆ. ಸೋಮವಾರದ ನೊರೆ ಉಕ್ಕಿ ಅವರ ಪ್ರಬಂಧದ ಅಂಚು ನೆನೆಯಿತು. ಶುಕ್ರವಾರದ್ದು ಸತ್ತವರ ಹಾಗೆ ಮಲಗಿತು. ಅವರು ಕಾಗದ ಒರೆಸಲಿಲ್ಲ. "ಮೇಲಿನವರಿಗೆ ಬರೀತೀನಿ. ಹೆಂಗಸರನ್ನ ಮತ್ತೆ ಕರೆಯೋಕೆ ಸಮಿತಿಯ ಒಪ್ಪಿಗೆ ಬೇಕು" ಎಂದರು.

"ಎಷ್ಟು ದಿನ?"

"ಮೂರು ತಿಂಗಳು ಆಗಬಹುದು."

"ಸಮಿತಿಯವರಿಗೆ ಗರ್ಭಕೋಶ ಇದೆಯಾ ಸಾರ್?"

ಬಾಯಿ ಜಾರಿತು. ಕೆಲಸ ಹೋಗಬಹುದು. ಹೋಗಲಿ. ಈ ಮೂರು ತಿಂಗಳು ನಾದಿನಿಯ ಒಳಗಿರುವುದು ಕೈಕಟ್ಟಿ ಒಪ್ಪಿಗೆಗೆ ಕಾಯುತ್ತದೆಯೇ?

ಅಕ್ಟೋಬರಿನಲ್ಲಿ ಅವಳು ಮಲಗಿದ್ದು ಶುಕ್ರವಾರ.

ಫೆಬ್ರವರಿ 27, ಗುರುವಾರ

ಊಟದ ಹೊತ್ತಿನಲ್ಲಿ ಸಿಸ್ಟರ್ ಬಾಗಿಲು ಹಾಕಿದರು. ಯಾವ ಸಮಿತಿಯನ್ನೂ ಕೇಳಲಿಲ್ಲ. ನಾದಿನಿ ಕಾರ್ಖಾನೆಯಲ್ಲಿ ಹಲ್ಲುನೋವೆಂದು ಹೇಳಿ ಬಂದಿದ್ದಳು. ಸಿಸ್ಟರ್ ಕೇಳಿ ತಂದ ಹೊಸ ಶೀಶೆಯ ಆಮ್ಲವನ್ನು ಎದುರಿಗೇ ಬೆರೆಸಿ, ನನ್ನ ಮೂಗಿಗೆ ಹಿಡಿದರು. ಚುರ್ ಎಂದಿತು.

ಒಂದು ನಿಮಿಷ. ಸಿಸ್ಟರ್ ತಲೆ ಎತ್ತಲಿಲ್ಲ.

"ಏನು ಕಾಣಿಸ್ತಿದೆ? ಇಬ್ಬರೂ ಮೂಕರಾದ್ರಾ?" ಎಂದಳು ನಾದಿನಿ. "ಅತ್ತಿಗೆ ಸುಮ್ಮನಿದಾಳೆ ಅಂದ್ರೆ ನಂಗೆ ಭಯ ಆಗುತ್ತೆ."

ಬೆಳ್ಳಗೆ, ದಪ್ಪಗೆ, ಸುಣ್ಣ ಬಳಿದ ಹಾಗೆ. ಅಲ್ಲಲ್ಲಿ ರಕ್ತ. ಸಿಸ್ಟರ್ ನೇರ ಡಾಕ್ಟರನ್ನು ಕರೆದುಕೊಂಡು ಬಂದರು. ಅವರು ನೋಡಿ, ಏನೂ ಕೇಳದೆ, ಆ ಜಾಗದ ಚೂರು ತೆಗೆದು ಪರೀಕ್ಷೆಗೆಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ನಿಲ್ಲುವ ಕಾಲ ಎಂದು ಹೇಳಿದ್ದು ಯಾರು? ಬಾಟಲಿಯಲ್ಲ. ಮೇಡಂ ಅಲ್ಲ.

ಮಾರ್ಚ್ 5, ಬುಧವಾರ

ಕಂಪ್ಯೂಟರಿನ ಪರದೆಯ ಮೇಲೆ ಸೂಟ್‌ಕೇಸ್ ಮೇಡಂ. ಡಾಕ್ಟರು ವಿಷಯ ತಿಳಿಸಿದರು. ಮೇಡಂ ಬಹಳ ವಿಷಾದಪಟ್ಟರು. ವರದಿಯಲ್ಲಿ 'ಕಲಿತ ಪಾಠಗಳು' ಎಂಬ ಭಾಗದಲ್ಲಿ ಸೇರಿಸೋಣ ಎಂದರಂತೆ.

ನಾನು ಎದ್ದು ನಿಂತೆ. ಪಾಠ ಕಲಿಯಲು ಅರವತ್ಮೂರು ಹೆಂಗಸರನ್ನು ಸ್ಲೇಟು ಮಾಡಿಕೊಂಡಿರೇ? ನಲವತ್ತು ಪ್ರಶ್ನೆ ಕೇಳಿದಿರಿ, ಬಾಟಲಿ ತುಂಬಿದೆಯೇ ಎಂದಿರಿ, ಅದರೊಳಗೆ ಏನಿದೆ ಎಂದು ಕೇಳಲು ನಲವತ್ತೊಂದನೆಯ ಪ್ರಶ್ನೆ ಇರಲಿಲ್ಲವೇ? ಹೀಗೆ ಎರಡು ನಿಮಿಷ ಮಾತಾಡಿದೆ. ಡಾಕ್ಟರು ನಾಲ್ಕು ಪದದಲ್ಲಿ ಅನುವಾದಿಸಿದರು. ಅವರ ಭಾಷೆ ಅಷ್ಟು ಚಿಕ್ಕದಿರಲಿಕ್ಕಿಲ್ಲ.

ಆಗ ನೋಟ್‌ಬುಕ್ಕನ್ನೇ ಕ್ಯಾಮೆರಾಗೆ ಹಿಡಿದು ಒಂದೊಂದೇ ಪುಟ ತಿರುಗಿಸಿದೆ. ಗೆರೆ ಓದಲು ಯಾವ ಭಾಷೆಯೂ ಬೇಡ. ಐದನೆಯ ಪುಟಕ್ಕೆ ಮೇಡಂ ಕೈ ಬಾಯಿಗೆ ಹೋಯಿತು. ಏನೋ ಕೇಳಿದರು. ಡಾಕ್ಟರು ಮೆಲ್ಲಗೆ, "ಶುಕ್ರವಾರ" ಎಂದರು.

ಪ್ರಬಂಧ ವಾಪಸ್. ಎಲ್ಲರನ್ನೂ ಮತ್ತೆ ಕರೆಯಬೇಕು, ಮೊದಲು ಶುಕ್ರವಾರದವರು. ಒಪ್ಪಿಗೆ ಆರು ದಿನದಲ್ಲಿ ಬರುತ್ತದಂತೆ. ಮೂರು ತಿಂಗಳು ಆರು ದಿನವಾಗುವುದಾದರೆ ಇಷ್ಟು ದಿನ ಆ ಮೂರು ತಿಂಗಳು ಯಾರ ಜೇಬಿನಲ್ಲಿತ್ತು?

ಮಾರ್ಚ್ 14, ಶುಕ್ರವಾರ

ಮನೆಮನೆ ತಿರುಗುತ್ತಿದ್ದೇನೆ. ಯಾಕೆ ಬಂದೆ ಎಂದು ಅಕ್ಕಪಕ್ಕದವರಿಗೆ ಗೊತ್ತಾಗಬಾರದು. ಹೆಗಲಿಗೆ ಬಟ್ಟೆ ಗಂಟು ಹಾಕಿಕೊಂಡು ಮಾರುವವಳ ಹಾಗೆ ಹೋಗುತ್ತೇನೆ. ಮೂರು ಟವೆಲು ನಿಜವಾಗಿಯೂ ಮಾರಾಟವಾದವು.

ಛತ್ರಿಯವಳು ಬಾಗಿಲಲ್ಲೇ ನಿಲ್ಲಿಸಿದಳು. "ಅವತ್ತು ಏನೂ ಇಲ್ಲ ಅಂದೆ. ಇವತ್ತು ಇರಬಹುದು ಅಂತೀಯ. ನಿನ್ನ ನಾಲಿಗೆಗೆ ಮೂಳೆ ಇದೆಯೇನಕ್ಕಾ?"

"ಇಲ್ಲ ಕಣಮ್ಮಾ. ಈ ಸಲ ನನ್ನ ಮಾತು ನಂಬಬೇಡ. ನೀನೇ ಬಂದು ಬಾಟಲಿ ಮೂಸಿ ನೋಡು" ಎಂದೆ. ಬಂದಳು. ಮೂಸಿ, ಸೀನಿ, ಮೇಜು ಹತ್ತಿದಳು.

ಮಾರ್ಚ್ 20, ಗುರುವಾರ

ಔಷಧಿ ಕೋಣೆಯವರು ಈಗ ಸಾಕಷ್ಟು ಆಮ್ಲ ಕೊಡುತ್ತಾರೆ. ದಿನಾ ಬೆಳಿಗ್ಗೆ ನಾನೂ ಸಿಸ್ಟರೂ ಹೊಸ ಹುಳಿನೀರು ಬೆರೆಸಿ ಸೋಡಾ ಹಾಕಿ ನೋಡುತ್ತೇವೆ. ಎಂಟು ಚಿಟಿಕೆಗಿಂತ ಕಡಿಮೆಯಾದರೆ ಚೆಲ್ಲುವುದು. ಬಾಟಲಿಯ ಮೇಲೆ ತಾರೀಕು, ವಾರ ಎರಡೂ. ಸಂಜೆ ಖಾಲಿ ಬಾಟಲಿಯ ಫೋಟೊ ಕಳಿಸುತ್ತೇವೆ.

ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಸೋಮವಾರದ ನೀರು ಸರಿ ಎಂದು ನಮಗೆ ಹೇಗೆ ಗೊತ್ತು? ಔಷಧಿ ಕೋಣೆಯಿಂದ ಬರುವ ಶೀಶೆಯೇ ಸಪ್ಪೆಯಿದ್ದರೆ? ಹನ್ನೆರಡು ಗೆರೆ ಇದ್ದ ಕಡೆ ಹದಿನೆಂಟು ಇರಬೇಕಿತ್ತೋ ಏನೋ. ಡಾಕ್ಟರಿಗೆ ಹೇಳಿದೆ, ನಮ್ಮ ಅಧ್ಯಯನದಲ್ಲಿ ಅದನ್ನೂ ನೋಡಬೇಕು ಅಂತ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಕುರ್ಚಿ ತರಿಸಿದರು. ಕಾಲು ಅಲ್ಲಾಡುತ್ತದೆ ಆ ಕುರ್ಚಿಗೆ.

ಮಾರ್ಚ್ 26, ಬುಧವಾರ

ನಾದಿನಿಯದು ಕ್ಯಾನ್ಸರ್. ಹರಡಿಲ್ಲ. ಗರ್ಭಕೋಶ ತೆಗೆಯಬೇಕು, ಏಪ್ರಿಲ್ ಒಂದಕ್ಕೆ. "ಅಕ್ಟೋಬರಿನಲ್ಲೇ ಕಂಡಿದ್ರೆ ಸುಟ್ಟು ಮುಗಿಸಬಹುದಿತ್ತೇನೋ" ಎಂದರು ದೊಡ್ಡ ಆಸ್ಪತ್ರೆಯವರು. ಕುದಿಸಿ ಆರಿಸಿದ ನೀರು.

ಬಸ್ಸಿನಲ್ಲಿ ಅವಳ ಪಕ್ಕ ಕೂತು, "ನಾನೇ ಕಣೇ ನಿಂಗೆ ಏನೂ ಇಲ್ಲ ಅಂದಿದ್ದು" ಎಂದೆ.

"ಗೊತ್ತು. ಏನೋ ಇದೆ ಅಂತ ಗೊತ್ತಾಗಿದ್ದೂ ನಿನ್ನಿಂದಲೇ ತಾನೆ?" ಕಿಟಕಿಯ ಹೊರಗೆ ನೋಡುತ್ತಿದ್ದಳು. "ಗುಂಡಿ ಕಿತ್ತು ಬಂದ್ರೆ ಅಂಗಿ ಬಿಸಾಕ್ತೀವಾ ಅತ್ತಿಗೆ? ಅಳಬೇಡ. ಕಂಡಕ್ಟರು ನೋಡ್ತಿದಾನೆ, ಟಿಕೆಟ್ ತಗೊಂಡಿಲ್ಲ ಅಂದ್ಕೋತಾನೆ."

ಏಪ್ರಿಲ್ 1, ಮಂಗಳವಾರ

ಆಯಿತು. ಎಚ್ಚರವಾದಾಗ ನೀರು ಕೇಳಿದಳು.

ಏಪ್ರಿಲ್ 4, ಶುಕ್ರವಾರ

ಶುಕ್ರವಾರದವರೆಲ್ಲ ಮುಗಿದರು. ಅರವತ್ಮೂರಕ್ಕೆ ಅರವತ್ಮೂರು. ಊರು ಬಿಟ್ಟು ಹೋದ ಇಬ್ಬರನ್ನೂ ಬಸ್ಸಿನ ಖರ್ಚು ಕೊಡಿಸಿ ಕರೆಸಿದೆ. ನಾದಿನಿಯೂ ಸೇರಿ ಹತ್ತು ಗೆರೆ. ಉಳಿದ ಒಂಬತ್ತೂ ಚಿಕ್ಕವು, ಅಲ್ಲೇ ಸುಟ್ಟು ಕಳಿಸಿದೆವು. ದೈಹಿಕ ಚಟುವಟಿಕೆ!

ಡಾಕ್ಟರಿಗೆ ಲೆಕ್ಕ ಒಪ್ಪಿಸಿದರೆ, "ಒಬ್ಬರು ಬಾಕಿ ಇದಾರೆ" ಎಂದರು. ಕಂಪ್ಯೂಟರಿನಲ್ಲಿ ಅರವತ್ನಾಲ್ಕು.

ಉರಿದುಹೋಯಿತು. "ನಿಮ್ಮ ಕಂಪ್ಯೂಟರಿಗೆ ಕೂಡೋಕೆ ಬರಲ್ಲ ಸಾರ್. ಒಂದೊಂದು ಮನೆ ಬಾಗಿಲಿಗೂ ನಾನೇ ಹೋಗಿದೀನಿ. ನಾನು ಕರ್ಕೊಂಡು ಬಂದವರು ಅರವತ್ಮೂರು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ." ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಡಿದೆ. ಮತ್ತೆ ಎಣಿಸಿದೆ. ಅವರು ನಂಬರುಗಳನ್ನು ಓದುತ್ತ ಹೋದರು, ನಾನು ಅಡ್ಡಹೆಸರು ಹೇಳುತ್ತ ಹೋದೆ. ಎಲ್ಲಕ್ಕೂ ಜೋಡಿ ಸಿಕ್ಕಿತು. ಕೊನೆಗೆ ಉಳಿದದ್ದು ಪಟ್ಟಿಯ ಮೊಟ್ಟಮೊದಲ ನಂಬರು. ಸೆಪ್ಟೆಂಬರಿನ ಮೊದಲ ಶುಕ್ರವಾರದ್ದು.

"ಇದು ಯಾರು?" ಎಂದೆ.

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ನನ್ನ ಭುಜದ ಮೇಲೆ ಕೈ ಇಟ್ಟರು. "ಅವತ್ತು ನಗುತ್ತಾ ಹೊರಗೆ ಬಂದ್ರಲ್ಲ ಬಣ್ಣದಕ್ಕಾ, ಒಂಬತ್ತು ಜನರಿಗೆ ಧೈರ್ಯ ಬರಲಿ ಅಂತ. ಬನ್ನಿ. ಬಾಟಲಿ ಇವತ್ತಿಂದೇ."

ಮೊದಲು ಮೂಸಿ ನೋಡಿದೆ. ಕಣ್ಣಲ್ಲಿ ನೀರು ಬಂತು. ಆಮ್ಲ ಸರಿಯಿತ್ತು.

ಆ ಮೇಜು ತಣ್ಣಗಿರುತ್ತದೆ. ಮುನ್ನೂರಕ್ಕೂ ಹೆಚ್ಚು ಜನರಿಗೆ 'ಏನೂ ಆಗಲ್ಲ, ಹತ್ತೇ ನಿಮಿಷ' ಎಂದಿದ್ದೇನೆ. ತಣ್ಣಗಿರುತ್ತದೆ ಎಂದು ಒಬ್ಬರಿಗೂ ಹೇಳಿಲ್ಲ. ಇನ್ನು ಮೇಲೆ ಹೇಳಬೇಕು. ಸಿಸ್ಟರ್ ಗಡಿಯಾರ ನೋಡಿದರು. ಒಂದು ನಿಮಿಷ ನಾನೂ ಮಾತಾಡಲಿಲ್ಲ.

"ಚಿಕ್ಕದು ಒಂದಿದೆ" ಎಂದರು. "ಉಗುರಿನಷ್ಟು. ಈಗಲೇ ಸುಡ್ತೀನಿ."

ಎದ್ದು, ಬಟ್ಟೆ ಸರಿಮಾಡಿಕೊಂಡು, ನೋಟ್‌ಬುಕ್ ತೆಗೆದೆ. ಶುಕ್ರವಾರದ ಪುಟದಲ್ಲಿ ಎಲ್ಲರಿಗಿಂತ ಮೇಲೆ, ಅಂಚಿನಲ್ಲಿ ಸ್ವಲ್ಪ ಜಾಗವಿತ್ತು. 'ಬಾಯಿ ಜೋರಿನವಳು' ಎಂದು ಬರೆದು, ಮುಂದೆ ಒಂದು ಗೆರೆ ಎಳೆದೆ.

ಮುಂದಿನ ವಾರ ಗುರುವಾರದ ಪುಟದವರ ಸರದಿ. ಐವತ್ತೆಂಟು. ಡಾಕ್ಟರ ಪಟ್ಟಿಯೊಂದಿಗೆ ಮೊದಲೇ ತಾಳೆ ನೋಡಬೇಕು.